ತಲೆಕೆಳಗಾಗಿ ಹೊಲಿದ ರಕ್ತನಾಳ

ಬೈಲಹೊಂಗಲ ಕಡೆಯ ಓದುಗರೊಬ್ಬರ ಸೋದರಳಿಯನ ತೋಳು ರಾಶಿ ಮಷಿನ್ನಿಗೆ ಸಿಕ್ಕಿತ್ತು. ಕೈ ಉಳಿದಿದೆ. ಅವರ ಪ್ರಶ್ನೆ ಎರಡು: "ಕಾಲಿನ ನರಾ ತಗದು ಕೈಗೆ ಹಾಕ್ಯಾರ್ರೀ, ಇನ್ನ ಕಾಲಿನ ಗತಿ ಏನು? ಹರದದ್ದನ್ನ ಜಗ್ಗಿ ಹೊಲದಿದ್ರ ಆಗ್ತಿರ್ಲಿಲ್ಲೇನು?"

ಎರಡನೆಯದನ್ನು ಮೊದಲು ನೋಡೋಣ. ಕುಡಗೋಲು ತಾಗಿ ನೀಟಾಗಿ ತುಂಡಾದ ಅಪಧಮನಿಯನ್ನು ತುದಿಗೆ ತುದಿ ಸೇರಿಸಿ ಹೊಲಿಯಬಹುದು. ರಾಶಿ ಮಷಿನ್, ಕಬ್ಬಿನ ಗಾಣ, ಟ್ರ್ಯಾಕ್ಟರ್ ಗಾಲಿ ಹಾಗೆ ಕತ್ತರಿಸುವುದಿಲ್ಲ. ಅವು ಎಳೆಯುತ್ತವೆ, ಜಜ್ಜುತ್ತವೆ. ಹೊರಗಿನಿಂದ ಚೆನ್ನಾಗಿಯೇ ಕಾಣುವ ನಾಳದ ಒಳಪದರ ಹಲವು ಸೆಂಟಿಮೀಟರ್ ದೂರದವರೆಗೂ ಸೀಳಿರುತ್ತದೆ. ಅಂಥ ಕಡೆ ಹೊಲಿಗೆ ಹಾಕಿದರೆ ರಕ್ತ ಹೆಪ್ಪುಗಟ್ಟಿ ನಾಳ ಮತ್ತೆ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಗಟ್ಟಿಮುಟ್ಟಾದ ಭಾಗ ಸಿಗುವ ತನಕ, ಮೇಲಿನ ತುದಿಯಿಂದ ರಕ್ತ ಚಿಮ್ಮುವ ತನಕ, ಶಸ್ತ್ರವೈದ್ಯರು ಕತ್ತರಿಸುತ್ತ ಹೋಗಬೇಕು. ಬದಲಿ ನಾಳ ಕೈಯಲ್ಲಿದ್ದರೆ ಮಾತ್ರ ಆ ಧೈರ್ಯ ಬರುತ್ತದೆ. ಉಳಿದಷ್ಟನ್ನೇ ಜಗ್ಗಿ ಸೇರಿಸುವ ಜಿಪುಣತನ ಇಲ್ಲಿ ದುಬಾರಿ.

ಬದಲಿ ನಾಳ ಎಲ್ಲಿಂದ? ಪಾದದ ಒಳಬದಿ ಉಬ್ಬಿದ ಹರಡಿನ ಎಲುಬಿನ ಮುಂದೆ ನೀಲಿ ಗೆರೆಯೊಂದು ಹಲವರಿಗೆ ಬರಿಗಣ್ಣಿಗೇ ಕಾಣುತ್ತದೆ. ತೊಡೆಸಂದಿಯವರೆಗೆ ಸಾಗುವ ಈ ಅಭಿಧಮನಿಯನ್ನೇ ಹೃದಯದ ಬೈಪಾಸಿಗೂ ಬಳಸುತ್ತಾರೆ. ಕಾಲಿನ ರಕ್ತವನ್ನು ಮೇಲಕ್ಕೊಯ್ಯುವ ಹೆಚ್ಚಿನ ಕೆಲಸ ಸ್ನಾಯುಗಳ ನಡುವಿನ ಆಳದ ನಾಳಗಳದ್ದು. ಹಾಗಾಗಿ ಇದೊಂದನ್ನು ತೆಗೆದರೆ ಸ್ವಲ್ಪ ಬಾವು, ಒಂದು ಗಾಯದ ಕಲೆ, ಬಹುಮಟ್ಟಿಗೆ ಅಷ್ಟೇ. ಪೆಟ್ಟು ಬಿದ್ದದ್ದು ಕಾಲಿಗೇ ಆಗಿದ್ದರೆ ನಾಳವನ್ನು ಇನ್ನೊಂದು ಕಾಲಿನಿಂದ ತೆಗೆಯುತ್ತಾರೆ. ಗಾಯಗೊಂಡ ಕಾಲಿನಲ್ಲಿ ಆಳದ ನಾಳಗಳು ಕೆಟ್ಟಿದ್ದರೆ ರಕ್ತ ಮರಳಲು ಇದೊಂದೇ ದಾರಿ ಉಳಿದಿರಬಹುದು.

ಇನ್ನು ನನಗೆ ಅತಿ ಪ್ರಿಯವಾದ ಭಾಗ. ಬೋರ್‌ವೆಲ್ ಪೈಪಿಗೆ ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ) ಕೂರಿಸಿದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದರ ಮೈಮೇಲೆ ಬಾಣದ ಗುರುತಿರುತ್ತದೆ. ತಿರುವುಮುರುವಾಗಿ ಕೂರಿಸಿದರೆ ಮೋಟರು ಎಷ್ಟು ಗುಂಯ್‌ಗುಟ್ಟಿದರೂ ಹನಿ ನೀರು ಮುಂದೆ ಹೋಗದು. ಕಾಲಿನ ಅಭಿಧಮನಿಯಲ್ಲೂ ಇಂಥ ಕವಾಟಗಳ ಸಾಲೇ ಇದೆ. ರಕ್ತ ಪಾದದಿಂದ ಮೇಲಕ್ಕೆ ಹೋಗಬಹುದು, ಕೆಳಕ್ಕೆ ಇಳಿಯುವಂತಿಲ್ಲ. ಅಪಧಮನಿಯಲ್ಲಿ ರಕ್ತ ಹೃದಯದಿಂದ ಬೆರಳಿನ ಕಡೆಗೆ ಓಡಬೇಕು. ಆದ್ದರಿಂದ ನಾಳವನ್ನು ತಲೆಕೆಳಗು ಮಾಡಿ, ಪಾದದ ಕಡೆಯಿದ್ದ ತುದಿಯನ್ನು ಭುಜದ ಕಡೆಗೆ ಹೊಲಿಯುತ್ತಾರೆ. ದೇಹ ಬಾಣದ ಗುರುತು ಹಾಕಿ ಕೊಟ್ಟಿಲ್ಲವಲ್ಲ, ಅದಕ್ಕೆ ತೆಗೆಯುವಾಗಲೇ ಒಂದು ತುದಿಗೆ ಗುರುತು ಮಾಡಿಕೊಳ್ಳಬೇಕು. ನಾಳ ತಿರುಚಿಕೊಳ್ಳದಂತೆ ಮೈಯುದ್ದಕ್ಕೂ ಶಾಯಿಯಲ್ಲಿ ಗೆರೆ ಎಳೆಯುವವರೂ ಉಂಟು. ಕಿತ್ತ ನಾಳ ಮುದುಡಿರುತ್ತದೆ, ರಕ್ತ ನುಗ್ಗಿದಾಗ ಉದ್ದವಾಗುತ್ತದೆ. ಆ ಹೆಚ್ಚಳವನ್ನು ಮೊದಲೇ ಅಂದಾಜು ಮಾಡದಿದ್ದರೆ ಡೊಂಕಾಗಿ ಮಡಚಿಕೊಳ್ಳುತ್ತದೆ.

ಈ ಹೊಲಿಗೆಯ ಕಥೆ ಫ್ರಾನ್ಸಿನ ಲಿಯೋಂ ನಗರದ್ದು. 1894ರ ಜೂನ್‌ನಲ್ಲಿ ಅಲ್ಲಿ ದೇಶದ ಅಧ್ಯಕ್ಷ ಸಾದಿ ಕಾರ್ನೋ ಚೂರಿ ಇರಿತಕ್ಕೆ ಬಲಿಯಾದರು. ಯಕೃತ್ತಿಗೆ ಹೋಗುವ ದೊಡ್ಡ ಅಭಿಧಮನಿ ಹರಿದಿತ್ತು, ಹೊಲಿಯಲು ಯಾರಿಗೂ ಬರುತ್ತಿರಲಿಲ್ಲ. ಅದು ಆಗ ಅಲ್ಲಿ ಓದುತ್ತಿದ್ದ ಅಲೆಕ್ಸಿಸ್ ಕ್ಯಾರಲ್ ಮನಸ್ಸಿನಲ್ಲಿ ಕೂತಿತು. ಲಿಯೋಂ ರೇಷ್ಮೆ ನೇಯ್ಗೆಯ ಊರು. ಮದಾಮ್ ಲೆರೂದಿಯೆ ಎಂಬ ಕಸೂತಿಗಾರ್ತಿಯಿಂದ ಆತ ಸೂಕ್ಷ್ಮ ಹೊಲಿಗೆ ಕಲಿತ. (ರಾಮದುರ್ಗದ ನೇಕಾರರಿಗೆ ಈ ಮಾತು ಹಿಡಿಸೀತು.) ದುಂಡಗಿನ ನಾಳದ ಅಂಚಿಗೆ ಮೂರು ಹೊಲಿಗೆ ಹಾಕಿ ಜಗ್ಗಿದರೆ ಅದು ತ್ರಿಕೋನವಾಗಿ, ನೇರ ಅಂಚುಗಳನ್ನು ಸಲೀಸಾಗಿ ಹೊಲಿಯಬಹುದು ಎಂದು 1902ರಲ್ಲಿ ತೋರಿಸಿದ. 1912ರಲ್ಲಿ ನೊಬೆಲ್ ಬಂತು. 1906ರಲ್ಲೇ ಮ್ಯಾಡ್ರಿಡ್‌ನ ಹೋಸೆ ಗೊಯಾನೆಸ್ ರೋಗಿಯೊಬ್ಬನ ಮಂಡಿಯ ಹಿಂದಿನ ಅಪಧಮನಿಯ ಬದಲು ಪಕ್ಕದ ಅಭಿಧಮನಿಯನ್ನು ಬಳಸಿದ್ದ.

ಆದರೂ ಎರಡನೇ ಮಹಾಯುದ್ಧದಲ್ಲಿ ವೈದ್ಯರು ಹರಿದ ಅಪಧಮನಿಯನ್ನು ಹೆಚ್ಚಾಗಿ ಕಟ್ಟಿಬಿಡುತ್ತಿದ್ದರು. ಅಂಥ ಕೈಕಾಲುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಕತ್ತರಿಸಬೇಕಾಯಿತು. ಕೊರಿಯಾ ಯುದ್ಧದಲ್ಲಿ ಹೆಲಿಕಾಪ್ಟರ್ ಬಂದು, ನಾಳ ಹೊಲಿಯತೊಡಗಿದ ಮೇಲೆ ಆ ಪ್ರಮಾಣ ಶೇ. 13ರ ಸುಮಾರಿಗೆ ಇಳಿಯಿತು. 1960ರಲ್ಲಿ ಜೂಲಿಯಸ್ ಜೇಕಬ್‌ಸನ್ ಸೂಕ್ಷ್ಮದರ್ಶಕದಡಿ 1.4 ಮಿ.ಮೀ. ನಾಳ ಹೊಲಿದರು, 1965ರಲ್ಲಿ ಜಪಾನಿನ ಕೊಮಾತ್ಸು, ತಮಾಯಿ ತುಂಡಾದ ಹೆಬ್ಬೆರಳನ್ನೇ ಕೂಡಿಸಿದರು. ಈಗ ಬೆರಳಿಗೆ ಬಳಸುವ ನೈಲಾನ್ ದಾರ ತಲೆಗೂದಲಿಗಿಂತ ಸಣ್ಣದು.

ಹೆಲಿಕಾಪ್ಟರಿನ ಮಾತು ಸುಮ್ಮನೆ ಬಂದದ್ದಲ್ಲ. ರಕ್ತವಿಲ್ಲದೆ ಸ್ನಾಯು ತಾಳುವುದು ಆರು ತಾಸಿನಷ್ಟು. ಕಿತ್ತೂರಿನವರಿಗೆ ಹೆದ್ದಾರಿ ಬಾಗಿಲಲ್ಲೇ ಇದೆ. ರಾಮದುರ್ಗದಿಂದ ಬೆಳಗಾವಿ ಸುಮಾರು 100 ಕಿ.ಮೀ. ನಡುವೆ ಎರಡು ಕಡೆ ಇಳಿಸಿ, ಚೀಟಿ ಬರೆಸಿ, ಮತ್ತೆ ಹತ್ತಿಸಿದರೆ ಆರು ತಾಸು ಎಲ್ಲಿ ಹೋಯಿತೋ ತಿಳಿಯದು. ಅದಕ್ಕೇ ಕೆಲವೊಮ್ಮೆ ಮೊದಲು ಪ್ಲಾಸ್ಟಿಕ್ ಕೊಳವೆ ತೂರಿಸಿ ರಕ್ತ ಹರಿಸಿ, ಎಲುಬು ಕೂಡಿಸಿ, ಆಮೇಲೆ ನಾಳ ಹೊಲಿಯುತ್ತಾರೆ. ಬೆರಳೇ ತುಂಡಾಗಿದ್ದರೆ ಅದನ್ನು ಒದ್ದೆ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಬರ್ಫದ ಮೇಲಿಡಿ. ಬರ್ಫ ನೇರವಾಗಿ ತಾಗಬಾರದು.

ಪತ್ರಿಕೆಗಳು "ಪವಾಡ" ಎಂದು ಬರೆಯುವುದು ಬೆರಳು ಕೆಂಪಾದ ದಿನ. ಆದರೆ ನಾಳದ ಜೊತೆ ಹರಿದ ಸ್ಪರ್ಶ ಮತ್ತು ಚಲನೆಯ ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿ.ಮೀ. ಮೊಣಕೈ ಬಳಿ ಹರಿದದ್ದು ಬೆರಳ ತುದಿ ಮುಟ್ಟಲು ವರ್ಷ ದಾಟುತ್ತದೆ. ಅಷ್ಟರೊಳಗೆ ಅಂಗೈಯ ಸಣ್ಣ ಸ್ನಾಯುಗಳು ಬತ್ತಿರಲೂಬಹುದು. ರಕ್ತ ಹರಿಯುತ್ತಿದ್ದೂ ಗುಂಡಿ ಹಾಕಿಕೊಳ್ಳಲಾಗದ ಕೈಗಳಿವೆ. ಜಜ್ಜಿಹೋದ ಕಾಲಿಗಂತೂ, ಹತ್ತಾರು ಶಸ್ತ್ರಚಿಕಿತ್ಸೆಗಿಂತ ಬೇಗ ಕೂಡಿಸಿದ ಒಳ್ಳೆಯ ಕೃತಕ ಕಾಲೇ ಮೇಲು ಎನ್ನುವ ಪ್ರಸಂಗಗಳೂ ಇವೆ. ಆ ಮಾತನ್ನು ನಾಳ ಹೊಲಿಯುವ ಮೊದಲೇ ಮನೆಯವರ ಜೊತೆ ಆಡಬೇಕು.