ಸತ್ತ ಮೀನಿನ ತಲೆಯಲ್ಲಿ ಕೆಂಪು ಚುಕ್ಕೆ

ಅಮೆರಿಕದ ನರವಿಜ್ಞಾನಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಒಂದು ಇಡೀ ಸಾಲ್ಮನ್ ಮೀನನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿದರು. ಮನುಷ್ಯರ ಫೋಟೊಗಳನ್ನು ಒಂದೊಂದಾಗಿ ತೋರಿಸಿ, ‘ಇವರ ಮನಸ್ಸಿನಲ್ಲಿ ಯಾವ ಭಾವನೆ ಇದೆ?’ ಎಂದು ಕೇಳಿದರು. ಒಂದೂವರೆ ಅಡಿ ಉದ್ದದ ಆ ಮೀನು ಸತ್ತಿತ್ತು. ಆದರೂ ಲೆಕ್ಕವೆಲ್ಲ ಮುಗಿದು ಚಿತ್ರ ಮೂಡಿದಾಗ ಅದರ ತಲೆಯೊಳಗೆ ಕೆಂಪು ಚುಕ್ಕೆ!

ಪತ್ರಿಕೆಗಳಲ್ಲಿ ‘ಪ್ರೀತಿಯಾದಾಗ ಹೊಳೆಯುವ ಮೆದುಳು’ ಎಂದೆಲ್ಲ ಬರುವ ಬಣ್ಣದ ಚಿತ್ರಗಳನ್ನು ಅನೇಕರು ಫೋಟೊ ಎಂದೇ ನಂಬುತ್ತಾರೆ. ಆದರೆ ಅವನ್ನು ಮೂಡಿಸುವ ಫಂಕ್ಷನಲ್ ಎಂಆರ್‌ಐ ಯೋಚನೆಯನ್ನು ನೋಡುವುದಿಲ್ಲ, ರಕ್ತವನ್ನು ಗಮನಿಸುತ್ತದೆ. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಸುತ್ತಲಿನ ಕಾಂತಕ್ಷೇತ್ರವನ್ನು ತುಸು ಕದಡುತ್ತದೆ. ಇದನ್ನೇ ಬಳಸಿಕೊಳ್ಳಬಹುದೆಂದು 1990ರಲ್ಲಿ ತೋರಿಸಿದವರು ಸೇಜಿ ಒಗಾವಾ. ಮೆದುಳಿನ ಒಂದು ಭಾಗ ದುಡಿದಾಗ ಅಲ್ಲಿಗೆ ತಾಜಾ ರಕ್ತ ನುಗ್ಗುತ್ತದೆ, ಅದೂ ಐದಾರು ಸೆಕೆಂಡು ತಡವಾಗಿ. ಆಗ ಯಂತ್ರ ಹಿಡಿಯುವ ಸಂಕೇತದಲ್ಲಾಗುವ ಏರಿಕೆ ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲು, ಅಷ್ಟೇ.

ಯಂತ್ರ ಮೆದುಳನ್ನು ಸುಮಾರು 3 ಮಿಲಿಮೀಟರ್ ಅಗಲದ ಪುಟ್ಟ ಘನಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಒಂದು ಅಂಕಿ ಕೊಡುತ್ತದೆ. ಈ ಘನಗಳ ಹೆಸರು ವಾಕ್ಸೆಲ್. ‘ಚಿತ್ರ ತೋರಿಸಿದಾಗ ಇಲ್ಲಿ ಅಂಕಿ ಏರಿತೇ?’ ಎಂದು ಸಾಫ್ಟ್‌ವೇರ್ ಪ್ರತಿ ವಾಕ್ಸೆಲ್‌ಗೂ ಕೇಳುತ್ತದೆ. ಆಕಸ್ಮಿಕವಾಗಿ ಹಾಗಾಗುವ ಸಂಭವ ಸಾವಿರಕ್ಕೆ ಒಂದಕ್ಕಿಂತ ಕಡಿಮೆಯಿದ್ದರೆ ಬಣ್ಣ ಬಳಿ ಎಂದು ಆದೇಶ ಕೊಟ್ಟೆವೆನ್ನಿ. ಕೇಳುವುದಕ್ಕೆ ಬಿಗಿಯಾದ ನಿಯಮವೇ. ಆದರೆ ವಾಕ್ಸೆಲ್‌ಗಳು ಒಂದು ಲಕ್ಷವಿದ್ದರೆ, ಏನೂ ನಡೆಯದಿದ್ದರೂ ನೂರರಷ್ಟು ಕೆಂಪಾಗುತ್ತವೆ. ಸಾಲ್ಮನ್‌ನಲ್ಲಿ ಪರೀಕ್ಷಿಸಿದ 8,064 ವಾಕ್ಸೆಲ್‌ಗಳಲ್ಲಿ 16 ಹೀಗೆ ಕೆಂಪಾದವು. ಇಷ್ಟೊಂದು ಸಲ ಪ್ರಶ್ನೆ ಕೇಳಿದ್ದೇವೆ ಎಂಬುದನ್ನು ಲೆಕ್ಕಕ್ಕೆ ಹಿಡಿದು ತಿದ್ದಿದಾಗ ಒಂದೂ ಉಳಿಯಲಿಲ್ಲ. 2009ರಲ್ಲಿ ಇದನ್ನು ಸಮ್ಮೇಳನವೊಂದರಲ್ಲಿ ಮಂಡಿಸಿದ್ದರು. 2012ರಲ್ಲಿ ಇಗ್ ನೊಬೆಲ್ ಬಂತು. ನಗೆಯ ಪ್ರಶಸ್ತಿ, ಏಟು ಮಾತ್ರ ಗಂಭೀರ: ಆ ಕಾಲದ ಎಷ್ಟೋ ಪ್ರಬಂಧಗಳು ಈ ತಿದ್ದುಪಡಿಯನ್ನೇ ಮಾಡಿರಲಿಲ್ಲ.

ಹಾಗೆಂದು ಯಾವ ವಾಕ್ಸೆಲ್‌ಗೆ ಬಣ್ಣ ಬಳಿಯಬೇಕೆಂಬ ಗೆರೆಯನ್ನು ಸದಾ ಬಿಗಿಯಾಗಿಯೇ ಎಳೆಯುವಂತಿಲ್ಲ. ಗೆಡ್ಡೆ ತೆಗೆಯುವ ಮೊದಲು ರೋಗಿಯ ಮಾತಿನ ಕೇಂದ್ರ ಎಲ್ಲಿದೆಯೆಂದು ಶಸ್ತ್ರವೈದ್ಯರು ಇದೇ ವಿಧಾನದಿಂದ ಹುಡುಕುತ್ತಾರೆ. ಅಲ್ಲಿ ಸುಳ್ಳು ಚುಕ್ಕೆಗಿಂತ ಕಣ್ತಪ್ಪಿದ ನಿಜ ಚುಕ್ಕೆಯೇ ಅಪಾಯಕಾರಿ. ರೋಗಿ ಮಾತನ್ನೇ ಕಳೆದುಕೊಳ್ಳಬಹುದು.

2020ರಲ್ಲಿ ‘ನೇಚರ್’ ಪ್ರಕಟಿಸಿದ ಅಧ್ಯಯನದಲ್ಲಿ 108 ಜನರ ಅವೇ ಸ್ಕ್ಯಾನ್‌ಗಳನ್ನು 70 ತಂಡಗಳಿಗೂ ಕೊಟ್ಟು, ಒಂಬತ್ತು ಪ್ರಶ್ನೆಗಳಿಗೆ ಉತ್ತರ ಕೇಳಲಾಗಿತ್ತು. ಯಾವ ಎರಡು ತಂಡಗಳೂ ಒಂದೇ ಹಾದಿ ಹಿಡಿಯಲಿಲ್ಲ, ಹಲವು ಪ್ರಶ್ನೆಗಳಿಗೆ ಹೌದು–ಇಲ್ಲಗಳೂ ಹೊಂದಲಿಲ್ಲ. ಸ್ವಾರಸ್ಯವೆಂದರೆ, ಗೆರೆ ಎಳೆಯುವ ಮೊದಲಿನ ನಕ್ಷೆಗಳು ಬಹುಪಾಲು ತಂಡಗಳಲ್ಲಿ ಒಂದನ್ನೊಂದು ಹೋಲುತ್ತಿದ್ದವು. ಆ ನಕ್ಷೆಗಳು ಈಗ ನ್ಯೂರೋವಾಲ್ಟ್ ಎಂಬ ಸಾರ್ವಜನಿಕ ಭಂಡಾರದಲ್ಲಿವೆ. ಬೇಕಾದವರು ತಮಗೆ ಸರಿಕಂಡಲ್ಲಿ ಗೆರೆ ಎಳೆದು, ಯಾವ ಚುಕ್ಕೆ ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂದು ನೋಡಬಹುದು.