ಮಹಿಳಾ ಪ್ರಾತಿನಿಧ್ಯ: ಗ್ರಾಮ ಪಂಚಾಯತಿಯಿಂದ ವಿಧಾನಸಭೆಯವರೆಗೆ
(ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು)

ಪೀಠಿಕೆ

1997ರಲ್ಲಿ ಧಾರವಾಡ ಜಿಲ್ಲೆಯನ್ನು ವಿಭಜಿಸಿ ಹಾವೇರಿ ಜಿಲ್ಲೆಯನ್ನು ರಚಿಸಲಾಯಿತು. ಈ ಜಿಲ್ಲೆಯ ಹಾನಗಲ್, ಶಿಗ್ಗಾಂವಿ ಮತ್ತು ಹಿರೇಕೆರೂರು ವಿಧಾನಸಭಾ ಕ್ಷೇತ್ರಗಳಾಗಿದ್ದು, ಸವಣೂರು ಪಟ್ಟಣವು ಶಿಗ್ಗಾಂವಿ ಕ್ಷೇತ್ರಕ್ಕೆ ಸೇರಿದೆ. ಇಲ್ಲಿನ ಮತದಾರರು ಮಹಿಳಾ ಮೀಸಲಾತಿಯನ್ನು ಮೊದಲು ಕಂಡದ್ದು ಸ್ಥಳೀಯ ಸಂಸ್ಥೆಗಳಲ್ಲಿ.

ಮೀಸಲಾತಿ ಬೆಳೆದು ಬಂದ ಬಗೆ

ಕರ್ನಾಟಕದ 1983ರ ಪಂಚಾಯತಿ ಕಾಯ್ದೆಯು ಮಹಿಳೆಯರಿಗೆ ಶೇ. 25ರಷ್ಟು ಸ್ಥಾನಗಳನ್ನು ಕಾಯ್ದಿರಿಸಿತು. ಅದರಂತೆ 1987ರಲ್ಲಿ ಮಂಡಲ ಪಂಚಾಯತಿ ಚುನಾವಣೆಗಳು ನಡೆದವು. ಸಂವಿಧಾನದ 73ನೇ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದು, ಮೂರನೇ ಒಂದರಷ್ಟು ಮೀಸಲಾತಿ ದೇಶದಾದ್ಯಂತ ಕಡ್ಡಾಯವಾಯಿತು. 2010ರಲ್ಲಿ ರಾಜ್ಯವು ಈ ಪ್ರಮಾಣವನ್ನು ಶೇ. 50ಕ್ಕೆ ಏರಿಸಿತು. ಮೀಸಲು ಸ್ಥಾನಗಳು ಸರದಿಯಂತೆ ಬದಲಾಗುತ್ತವೆ.

ವಿಧಾನಸಭೆಯ ಸ್ಥಿತಿ ಭಿನ್ನವಾಗಿದೆ. ಕೆ.ಎಸ್. ನಾಗರತ್ನಮ್ಮನವರು 1972ರಲ್ಲೇ ಸಭಾಧ್ಯಕ್ಷರಾಗಿದ್ದರೂ, 2023ರ ಸಾರ್ವತ್ರಿಕ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ 10ರಲ್ಲಿ ಮಾತ್ರ ಮಹಿಳೆಯರು ಆಯ್ಕೆಯಾದರು. 2023ರಲ್ಲಿ ಅಂಗೀಕೃತವಾದ 106ನೇ ತಿದ್ದುಪಡಿಯು ಲೋಕಸಭೆ ಹಾಗೂ ವಿಧಾನಸಭೆಗಳಲ್ಲಿ ಮೂರನೇ ಒಂದರಷ್ಟು ಮೀಸಲಾತಿ ನೀಡಿತಾದರೂ, ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಯ ನಂತರವೇ ಅದು ಅನ್ವಯವಾಗಬೇಕೆಂದು ವಿಧಿಸಿತು.

ಸಂಶೋಧನೆಯ ಫಲಿತಾಂಶಗಳು

ಮಹಿಳಾ ಸದಸ್ಯರು ಹೆಸರಿಗೆ ಮಾತ್ರ, ಅಧಿಕಾರ ನಡೆಸುವವರು ಪತಿ ಅಥವಾ ಬಂಧುಗಳು ಎಂಬ ಆಕ್ಷೇಪ ಮೊದಲಿನಿಂದಲೂ ಇದೆ. ಇದನ್ನು ಸಂಶೋಧಕರು ಪರಿಶೀಲಿಸಿದ್ದಾರೆ.

1. ರಾಘಬೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡಫ್ಲೊ ಅವರು ಪಶ್ಚಿಮ ಬಂಗಾಳ ಹಾಗೂ ರಾಜಸ್ಥಾನದ ಪಂಚಾಯತಿಗಳನ್ನು ಅಧ್ಯಯನ ಮಾಡಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಕಡೆ, ಗ್ರಾಮದ ಮಹಿಳೆಯರು ಹೆಚ್ಚಾಗಿ ಕೇಳಿದ್ದ ಕುಡಿಯುವ ನೀರಿನಂತಹ ಕಾಮಗಾರಿಗಳಿಗೆ ಹೆಚ್ಚಿನ ಹಣ ವಿನಿಯೋಗವಾಗಿತ್ತು.

2. ರಾಡು ಬಾನ್ ಮತ್ತು ವಿಜಯೇಂದ್ರ ರಾವ್ ಅವರು ಕರ್ನಾಟಕ ಸೇರಿದಂತೆ ದಕ್ಷಿಣದ ನಾಲ್ಕು ರಾಜ್ಯಗಳನ್ನು ಕುರಿತು 2008ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ರಾಜಕೀಯ ಅನುಭವವುಳ್ಳ ಮಹಿಳೆಯರು ಉತ್ತಮವಾಗಿ ಕಾರ್ಯನಿರ್ವಹಿಸುತ್ತಾರೆ. ಮೇಲ್ಜಾತಿಯ ಭೂಮಾಲೀಕರ ಹಿಡಿತ ಬಲವಾಗಿರುವಲ್ಲಿ ಅವರ ಕಾರ್ಯಕ್ಕೆ ಅಡ್ಡಿಯಾಗುತ್ತದೆ.

ಸರದಿ ಬದಲಾದಾಗ ಅನುಭವ ಪಡೆದ ಸದಸ್ಯೆ ಮರಳಿ ಸ್ಪರ್ಧಿಸದಿದ್ದರೆ, ಆ ಅನುಭವ ಊರಿಗೆ ನಷ್ಟವಾಗುತ್ತದೆ. ಮೀಸಲು ಇಲ್ಲದ ಕ್ಷೇತ್ರದಿಂದಲೂ ಮಹಿಳೆಯರು ಸ್ಪರ್ಧಿಸಲು ಕಾನೂನಿನಲ್ಲಿ ಯಾವ ಅಡ್ಡಿಯೂ ಇಲ್ಲ.

ಮತದಾರರ ಪಾತ್ರ

ವಾರ್ಡ್ ಸಭೆಗೆ ಹಾಜರಾದವರಲ್ಲಿ ಕನಿಷ್ಠ ಶೇ. 30ರಷ್ಟು ಮಹಿಳೆಯರಿರಬೇಕೆಂದು ಪಂಚಾಯತ್ ರಾಜ್ ಕಾಯ್ದೆಯು ಹೇಳುತ್ತದೆ. ನೀರು, ರಸ್ತೆ, ಅಂಗನವಾಡಿ ಕುರಿತ ಬೇಡಿಕೆಯನ್ನು ಅಲ್ಲಿ ಮಂಡಿಸಿ ನಡಾವಳಿಯಲ್ಲಿ ದಾಖಲಿಸಿದಲ್ಲಿ, ಮಹಿಳಾ ಸದಸ್ಯರು ಅದನ್ನು ಪಂಚಾಯತಿ ಸಭೆಯಲ್ಲಿ ಪ್ರತಿಪಾದಿಸಲು ಆಧಾರ ದೊರೆಯುತ್ತದೆ.