ಅಮೃತ್: ಬೆಂಗಳೂರಿನ ಬಿಸಿಲಿಗೆ ಬೇಗ ಪಕ್ವವಾದ ವಿಸ್ಕಿ

ನಮ್ಮ ಇಂದಿರಾಪುರಂ ಹತ್ರಾನೇ ಮೋಹನ್ ನಗರ ಇದೆ, ಓಲ್ಡ್ ಮಾಂಕ್ ರಮ್ ಮಾಡೋ ಮೋಹನ್ ಮೀಕಿನ್ ಕಂಪನಿಯ ಜಾಗ. ಆದ್ರೆ ಇವತ್ತಿನ ವಿಷಯ ನಮ್ಮೂರಿನ ಅಮೃತ್ ಡಿಸ್ಟಿಲರೀಸ್. ಕುಡಿಯಿರಿ ಅಂತ ಹೇಳೋಕೆ ಬಂದಿಲ್ಲ. ಇದರ ಹಿಂದಿರೋ ಲೆಕ್ಕ ಸೊಗಸಾಗಿದೆ, ಅಷ್ಟೇ.

ಆಫೀಸ್ ಪಾರ್ಟಿಗಳಲ್ಲಿ ಒಂದು ಮಾತು ಕೇಳಿರ್ತೀರಿ: "ಹನ್ನೆರಡು ವರ್ಷದ್ದಾ? ಹಾಗಾದ್ರೆ ಒಳ್ಳೇದು." ಅಮೃತ್‌ನ ಹೆಚ್ಚಿನ ಬಾಟಲಿಗಳ ಮೇಲೆ ವರ್ಷವೇ ಇರಲ್ಲ. ಯಾಕೆ?

ಮೊದಲು ಸ್ವಲ್ಪ ಇತಿಹಾಸ. 1948ರಲ್ಲಿ ರಾಧಾಕೃಷ್ಣ ಜಗದಾಳೆ ಬೆಂಗಳೂರಿನಲ್ಲಿ ಈ ಕಂಪನಿ ಶುರು ಮಾಡಿದ್ರು. ಆಮೇಲೆ ಮಗ ನೀಲಕಂಠ ಜಗದಾಳೆ ನಡೆಸಿದ್ರು. ಈಗ ಡಿಸ್ಟಿಲರಿ ಇರೋದು ಮೈಸೂರು ರಸ್ತೆ ಕಡೆಯ ಕಂಬೀಪುರದಲ್ಲಿ. ನಮ್ಮ ದೇಶದಲ್ಲಿ ವಿಸ್ಕಿ ಅಂತ ಮಾರಾಟ ಆಗೋದರಲ್ಲಿ ಬಹುಪಾಲಿಗೆ ಆಧಾರ ಕಬ್ಬಿನ ಕಾಕಂಬಿಯಿಂದ ಬರೋ ಸ್ಪಿರಿಟ್. ಯೂರೋಪಿನ ಕಾನೂನು ಅದನ್ನ ವಿಸ್ಕಿ ಅಂತ ಒಪ್ಪೋದೇ ಇಲ್ಲ. ಅಲ್ಲಿ ಧಾನ್ಯದಿಂದಲೇ ಆಗಬೇಕು. ಅಮೃತ್ ಬಾರ್ಲಿಯಿಂದ ಮಾಲ್ಟ್ ತಯಾರಿಸ್ತಿತ್ತು, ಆದ್ರೆ ಅದನ್ನೂ ಬ್ಲೆಂಡ್‌ಗೆ ಬೆರೆಸಿಬಿಡ್ತಿದ್ರು.

ನೀಲಕಂಠ ಅವರ ಮಗ ರಕ್ಷಿತ್ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಎಂಬಿಎ ಓದುವಾಗ, ಭಾರತದ ಸಿಂಗಲ್ ಮಾಲ್ಟನ್ನ ಬ್ರಿಟನ್ನಿನಲ್ಲಿ ಮಾರಬಹುದಾ ಅನ್ನೋದನ್ನೇ ಪ್ರಾಜೆಕ್ಟ್ ಮಾಡ್ಕೊಂಡ್ರು. 2004ರ ಆಗಸ್ಟ್‌ನಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆ ಆಯ್ತು. ಎಲ್ಲಿ ಗೊತ್ತಾ? ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ! ಮೈಸೂರು ಪಾಕ್ ಮಾಡಿ ಮೈಸೂರಿನವರಿಗೇ ಮಾರೋ ಧೈರ್ಯ ಅದು.

ಈಗ ವರ್ಷದ ಲೆಕ್ಕಕ್ಕೆ ಬರೋಣ. ವಿಸ್ಕಿ ಓಕ್ ಮರದ ಪೀಪಾಯಿಯಲ್ಲಿ ಪಕ್ವ ಆಗುತ್ತೆ. ಇಲ್ಲೇ ಅಮೆರಿಕದ ಬರ್ಬನ್ ಕಥೆ ಸೇರ್ಕೊಳ್ಳೋದು. ಬರ್ಬನ್ ಅನ್ನಿಸಿಕೊಳ್ಳೋಕೆ ಕನಿಷ್ಠ 51% ಜೋಳ ಇರಬೇಕು, ನಮ್ಮ ರೊಟ್ಟಿ ಜೋಳ ಅಲ್ಲ, ಮೆಕ್ಕೆಜೋಳ. ಜೊತೆಗೆ ಒಳಗೆ ಸುಟ್ಟ ಹೊಸ ಓಕ್ ಪಾತ್ರೆಯೇ ಬೇಕು. ಹಾಗಾಗಿ ಒಮ್ಮೆ ಬಳಸಿದ ಪೀಪಾಯಿ ಬರ್ಬನ್‌ಗೆ ಮತ್ತೆ ಆಗಲ್ಲ. ಅವು ಸ್ಕಾಟ್ಲೆಂಡಿಗೂ ಬೆಂಗಳೂರಿಗೂ ಹಡಗು ಹತ್ತುತ್ತವೆ.

ಮರದ ಮೂಲಕ ಪ್ರತಿ ವರ್ಷ ಸ್ವಲ್ಪ ಆವಿಯಾಗಿ ಹೋಗುತ್ತೆ. ಅದಕ್ಕೆ "ದೇವತೆಗಳ ಪಾಲು" ಅಂತ ಹೆಸರು. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು 2%, ಬೆಂಗಳೂರಲ್ಲಿ 10ರಿಂದ 12%. ಚಕ್ರಬಡ್ಡಿಯನ್ನ ಉಲ್ಟಾ ಹಾಕಿ ನೋಡಿ. 200 ಲೀಟರ್ ತುಂಬಿ 12 ವರ್ಷ ಇಟ್ರೆ ಅಲ್ಲಿ ಸುಮಾರು 157 ಲೀಟರ್ ಉಳಿಯುತ್ತೆ. 11% ಲೆಕ್ಕದಲ್ಲಿ ಇಲ್ಲಿ ಉಳಿಯೋದು 50 ಲೀಟರೂ ಇಲ್ಲ! ಆದ್ರೆ ಅದೇ ಸೆಕೆಗೆ ಸ್ಪಿರಿಟ್ ಮರದಿಂದ ಬಣ್ಣ, ರುಚಿಯನ್ನೂ ಬೇಗ ಎಳ್ಕೊಳ್ಳುತ್ತೆ. ಅದಕ್ಕೇ ನಾಲ್ಕೈದು ವರ್ಷಕ್ಕೆ ಬಾಟಲಿಗೆ ಸೇರುತ್ತೆ. ಎಂಟು ವರ್ಷ ಇಟ್ಟ ಒಂದು ಆವೃತ್ತಿಗೆ ಅವರಿಟ್ಟ ಹೆಸರೇ "ಗ್ರೀಡಿ ಏಂಜಲ್ಸ್", ಅಂದ್ರೆ ದುರಾಸೆಯ ದೇವತೆಗಳು.

2010ರ ವಿಸ್ಕಿ ಬೈಬಲ್‌ನಲ್ಲಿ ವಿಮರ್ಶಕ ಜಿಮ್ ಮರ್ರೆ ಅಮೃತ್ ಫ್ಯೂಷನ್‌ಗೆ 97 ಅಂಕ ಕೊಟ್ಟು, ಪ್ರಪಂಚದಲ್ಲೇ ಮೂರನೇ ಸ್ಥಾನದಲ್ಲಿಟ್ರು. ಫ್ಯೂಷನ್ ಅನ್ನೋ ಹೆಸರು ಬಂದಿದ್ದು ಭಾರತದ ಬಾರ್ಲಿ, ಸ್ಕಾಟ್ಲೆಂಡಿನ ಹೊಗೆ ಹಿಡಿದ ಬಾರ್ಲಿ ಎರಡೂ ಸೇರಿರೋದ್ರಿಂದ. ನೀಲಕಂಠ ಜಗದಾಳೆ 2019ರಲ್ಲಿ ತೀರಿಕೊಂಡ್ರು, ಅಷ್ಟೊತ್ತಿಗೆ ಭಾರತದ ಸಿಂಗಲ್ ಮಾಲ್ಟ್ ಅನ್ನೋದು ಜಗತ್ತಿಗೆ ಪರಿಚಯ ಆಗಿತ್ತು.

ಹಾಗಾಗಿ ಮುಂದಿನ ಸಲ ಯಾರಾದ್ರೂ "ಎಷ್ಟು ವರ್ಷದ್ದು?" ಅಂದ್ರೆ, "ಯಾವ ಊರಿನ ವರ್ಷ?" ಅಂತ ಕೇಳಿ. ರೆಸ್ಯೂಮೆಯಲ್ಲಿರೋ ಅನುಭವದ ವರ್ಷಗಳಿಗೂ ಈ ಪ್ರಶ್ನೆ ಹೊಂದುತ್ತೆ ಅನ್ಸುತ್ತೆ. ಮುಂದಿನ ವಿಡಿಯೋದಲ್ಲಿ ಸಿಗೋಣ.